ಬಾಯಿಗೆ ಬಾರದ ಹೆಸರು

ಹೆಣ್ಣುಮಕ್ಕಳೂ ಹೆಸರು ಹೇಳಬೇಕೆಂದು ಕಳಕಪ್ಪ ಸಾಹುಕಾರನೇ ಹನುಮಪ್ಪನ ಗುಡಿಕಟ್ಟೆಯ ಮೇಲೆ ಎದ್ದು ನಿಂತು ಸಾರಿದಾಗ, ಕಂಬದ ಮರೆಯಲ್ಲಿ ಕುಳಿತಿದ್ದ ಅವನ ಹೆಂಡತಿ ವಿರೂಪಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಮೊನ್ನೆ ಮೊನ್ನೆಯವರೆಗೂ ಹೆಂಗಸರಿಗೆಂಥ ಪಂಚಾಯಿತಿ ಎಂದು ಹಾರಾಡಿದವನು ಇವನೇ.

ನಿಜಾಮನ ಆಳಿಕೆ ಹೋಗಿ ವರುಷ ತುಂಬುತ್ತ ಬಂದಿತ್ತು. ಊರಿಗೊಂದು ಸರ್ಕಾರಿ ಬಾವಿ ಬರುವುದಿತ್ತು. ಊರಿನ ಪರವಾಗಿ ಒಬ್ಬರು ಕುಷ್ಟಗಿಗೆ ಹೋಗಿ ಎಲ್ಲಿ ಬೇಕೆಂದು ಹೇಳಬೇಕು. ಅವರು ಹೇಳಿದಲ್ಲೇ ಬಾವಿ. ಕಳಕಪ್ಪನ ಕಣ್ಣು ತನ್ನ ಹಿತ್ತಲ ಮೇಲೆ, ಅವನ ಎದುರಾಳಿ ಗೋಣೆಪ್ಪನ ಕಣ್ಣು ತನ್ನ ಕುರಿಹಟ್ಟಿಯ ಮೇಲೆ. ಆ ಒಬ್ಬರನ್ನು ಆರಿಸುವುದು ಹೇಗೆ ಎಂಬ ಮಾತು ಬಂದಾಗ ಸಾಲಿ ಮಾಸ್ತರ ಉಮಾಪತಿ ಹನುಮಸಾಗರದಿಂದ ತಂದ ಪತ್ರಿಕೆ ಬಿಚ್ಚಿ, ದಿಲ್ಲಿಯಲ್ಲಿ ದೊಡ್ಡವರು ಕುಳಿತು ದೇಶಕ್ಕೆ ಕಟ್ಟಳೆ ಬರೆಯುತ್ತಿದ್ದಾರೆ, ಅದರಲ್ಲಿ ಧಣಿಗೂ ಆಳಿಗೂ ಒಂದೇ ಮತ, ಗಂಡಿಗೂ ಹೆಣ್ಣಿಗೂ ಒಂದೇ ಮತ, ನಾವೂ ಹಾಗೇ ಮಾಡೋಣ ಎಂದಿದ್ದ. ಕಳಕಪ್ಪ ಕೆಲವು ದಿನ ಕುದಿದ. ಆಮೇಲೆ ಒಂದು ಮುಂಜಾನೆ ಹಲ್ಲುಜ್ಜುತ್ತಿರುವಾಗಲೇ ಅವನಿಗೆ ಹೊಳೆಯಿತು: ತಮ್ಮಂದಿರ ಹೆಂಡಂದಿರು, ಸೊಸೆಯಂದಿರು, ದಾಯಾದಿಗಳ ಮನೆಯ ಹೆಂಗಸರು ಎಲ್ಲ ಸೇರಿದರೆ ಅರ್ಧ ಊರೇ ತನ್ನದು. ಕೈ ಎತ್ತಿಸಿದರೆ ಕೆಲವರು ಎರಡೂ ಕಡೆಗೆ ಎತ್ತುತ್ತಾರೆಂದು, ಬಾಯಿಬಿಟ್ಟು ಹೆಸರನ್ನೇ ಹೇಳಬೇಕೆಂಬ ಕಟ್ಟಳೆಯನ್ನೂ ತಾನೇ ಹಾಕಿಸಿದ.

ಗಂಡಸರ ಸರದಿ ಮುಗಿದಾಗ ಇಬ್ಬರೂ ಸರಿಸಮ ನಿಂತರು. ಕಳಕಪ್ಪ ಮೀಸೆ ತಿರುವುತ್ತ ಹೆಂಗಸರ ಕಡೆ ನೋಡಿದ. ಮೊದಲು ಎದ್ದವಳು ಅವನ ತಮ್ಮನ ಹೆಂಡತಿ ಶೇಖರಮ್ಮ.

"ನಮ್ಮ ಭಾವಾರು," ಎಂದಳು ನೆಲ ನೋಡುತ್ತ.

"ಯಾವ ಭಾವಾರವ್ವಾ? ಹೆಸರು ಹೇಳಬೇಕು. ಕಟ್ಟಳಿ ಐತಿ," ಎಂದ ಉಮಾಪತಿ.

"ಅದ, ಇವರ ಅಣ್ಣಾರು."

"ಇವರು ಅಂದ್ರ ಯಾರು?"

ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾದೀತೆಂದು ನಂಬಿ ಬಾಳಿದ ಹೆಣ್ಣು; ಭಾವನ ಹೆಸರಂತೂ ದೂರವೇ ಉಳಿಯಿತು. ಶೇಖರಮ್ಮ ಧೊಪ್ಪನೆ ಕುಳಿತುಬಿಟ್ಟಳು. ಅವಳ ಹಿಂದೆ ಎದ್ದ ಸೊಸೆ, ಮಾವನವರು ಎಂದಷ್ಟೇ ಹೇಳಿ ಬೆವರಿದಳು. ಊರ ತುಂಬ ಮಾವಂದಿರು ಅದಾರಲ್ಲ ತಂಗಿ ಎಂದು ಗೋಣೆಪ್ಪ ಹೊಟ್ಟೆ ಹಿಡಿದು ನಕ್ಕ. ಆದರೆ ಅವನ ಹೆಂಡತಿ ಪಾರಮ್ಮ ಎದ್ದು, ನಮ್ಮ ಮನಿಯವರು ಎಂದು ನಿಂತುಕೊಂಡಾಗ ಅವನ ನಗುವೂ ಅಲ್ಲೇ ಅಡಗಿತು. ಬಳಗ ದೊಡ್ಡದಾದಷ್ಟೂ ಬಾಯಿಗಳು ಮುಚ್ಚುತ್ತ ಹೋದವು.

ಕಳಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿದ. "ನೀನರ ಏಳು. ಒಡಪು ಹಾಕಿ ಹೇಳು. ಮದಿವ್ಯಾಗ ಹೇಳಿದ್ದಿಲ್ಲೇನು?"

ಹೌದು, ಒಡಪಿಗೆ ದೋಷವಿಲ್ಲ. ಮದುವೆಯ ಹಂದರದಲ್ಲಿ ಮದುಮಗಳು ಎರಡು ಸಾಲು ಹಾಡು ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿದರೆ ದೇವರೂ ಮೆಚ್ಚುತ್ತಾನೆ. ವಿರೂಪಾಕ್ಷಮ್ಮ ನಿಧಾನ ಎದ್ದಳು. ಬಾವಿ ತನ್ನ ಹಿತ್ತಲಿಗೆ ಬಂದರೆ ಕೊಡ ಹೊರುವ ಕಷ್ಟ ತನಗಂತೂ ತಪ್ಪೀತು. ಆದರೆ ಕೇರಿಯ ಹುಲಿಗವ್ವ? ಬಾವಿ ಮುಟ್ಟುವಂತಿಲ್ಲದ ಆಕೆ ಈಗ ಹಳೇ ಬಾವಿಯ ಹತ್ತಿರ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಎರೆದಾರೆಂದು ಬಿಸಿಲಲ್ಲಿ ಕಾಯುತ್ತಾಳೆ. ಎಷ್ಟೋ ದಿನ ಎರೆದವಳು ತಾನೇ. ಇನ್ನು ತನ್ನ ಹಿತ್ತಲ ಬಾಗಿಲಲ್ಲೇ ಆಕೆಯನ್ನು ಕಾಯಿಸಬೇಕೇ? ವಿರೂಪಾಕ್ಷಮ್ಮ ಗರ್ಭಗುಡಿಯ ಕಡೆ ಒಮ್ಮೆ ಕೈಮುಗಿದು, ಮದುಮಗಳಂತೆ ದನಿ ಎತ್ತಿದಳು:

"ಕಲ್ಲ ಬಾವಿ ಕಟ್ಟಿ ಮ್ಯಾಲೆ ತುಂಬಿ ತುಳುಕಿದ ಕೊಡ,
ಕಾದು ನಿಂತ ಹುಲಿಗವ್ವನ ಹೆಸರು ಹೇಳತೀನಿ ನೋಡ."

ಮೊದಲು ಶೇಖರಮ್ಮನ ಮುಖ ಅರಳಿತು. ಹುಲಿಗವ್ವ ಭಾವನಲ್ಲ, ಮಾವನಲ್ಲ, ಗಂಡನಲ್ಲ. ಊರಿನ ಯಾವ ಹೆಣ್ಣಿಗೂ ಆ ಹೆಸರು ಹೇಳಲು ಅಡ್ಡಿಯಿಲ್ಲ. ಅವಳು ಎದ್ದು ಹುಲಿಗವ್ವ ಎಂದಳು. ಸೊಸೆ ಹುಲಿಗವ್ವ ಎಂದಳು. ಗಂಡನ ಕಡೆ ನೋಡದೆಯೇ ಪಾರಮ್ಮನೂ ಹುಲಿಗವ್ವ ಎಂದಳು. ಬಾಯಿ ಕಟ್ಟಿ ಕುಳಿತಿದ್ದ ಹೆಂಗಸರೆಲ್ಲ ಸುಗ್ಗಿಯ ಹಾಡಿಗೆ ದನಿಗೂಡಿಸಿದಂತೆ ಒಬ್ಬರ ಹಿಂದೆ ಒಬ್ಬರು ಅದೇ ಹೆಸರು ಹೇಳಿದರು. ಉಮಾಪತಿ ಎಣಿಸುವುದನ್ನೇ ಬಿಟ್ಟು ನಗುತ್ತ ಕುಳಿತ.

ಉಳಿದವಳು ಹುಲಿಗವ್ವ ಒಬ್ಬಳೇ. ಕಟ್ಟೆಯ ಕೆಳಗೆ, ಬೇವಿನ ಮರಕ್ಕೆ ಆತು ನಿಂತಿದ್ದಳು. ನಿನ್ನ ಮತ ಯಾರಿಗವ್ವಾ ಎಂದು ಉಮಾಪತಿ ಕೇಳಿದಾಗ ಆಕೆ ಕಳಕಪ್ಪನ ಸಪ್ಪೆ ಮುಖವನ್ನೇ ನೋಡಿದಳು.

"ಪಾಪ, ಧಣೇರು ಭಾಳ ಆಸಿ ಇಟ್ಟಿದ್ರು. ಮಾಸ್ತರ್ರೀ, ಕಟ್ಟಳಿ ಪರಕಾರ ಬರೇ ಹೆಸರ ಹೇಳಬೇಕಲ್ಲರಿ?"

"ಹೌದು."

"ಕಳಕಪ್ಪ."

ತಾಯಿ ತೀರಿಕೊಂಡ ಮೇಲೆ ಹೆಣ್ಣುದನಿಯಲ್ಲಿ ತನ್ನ ಬರಿಯ ಹೆಸರನ್ನು ಕೇಳಿರದ ಸಾಹುಕಾರ, ವಿರೂಪಾಕ್ಷಮ್ಮ ಬೆರಗಾಗಿ ನೋಡುತ್ತಿದ್ದಂತೆ, "ಓ, ಬಂದೆ," ಎಂದು ಓಗೊಟ್ಟು ಕಟ್ಟೆ ಇಳಿದೇಬಿಟ್ಟ.