ಬಾವಿಯಿಂದ ಬಂದ ಮ್ಯಾಗಜೀನು

ಎಷ್ಟೇ ಹಳೆಯ ಕಳವಾಗಿರಲಿ, ಕದ್ದ ಲೋಹ ಕದ್ದವರ ಕೈಯಲ್ಲಿ ಬಿಸಿಯಾಗತೊಡಗಿ ಹನ್ನೆರಡು ವರ್ಷವಾಗಿತ್ತು. ಒಂದು ತಂಬಿಗೆ ಕಳೆದು ಸಿಕ್ಕರೂ ಜನ ಅದನ್ನು ಓಣಿಯವರಿಗೆಲ್ಲ ಮುಟ್ಟಿಸಿ ನೋಡುತ್ತಿದ್ದರು. ಆಯುಧ ಗುರುತಿಸುವ ಕಚೇರಿಯ ಪ್ರಮೀಳಾ ಮಾತ್ರ ಕೈಗವಸು ತೆಗೆಯುತ್ತಿರಲಿಲ್ಲ. ಕೇಳಿದವರಿಗೆ ಚರ್ಮದ ತೊಂದರೆ ಎನ್ನುತ್ತಿದ್ದಳು.

ಅಂದು, ಹಿಂದೊಮ್ಮೆ ಪೊಲೀಸನಾಗಿದ್ದ ಮುದುಕ ಫಕೀರಪ್ಪ ತುಕ್ಕು ಹಿಡಿದ, ಹಳೆಯ ಪಿಸ್ತೂಲಿಗೆ ಗುಂಡು ತುಂಬುವ ಮ್ಯಾಗಜೀನನ್ನು ಮೇಜಿನ ಮೇಲಿಟ್ಟ.

"ಪೊಲೀಸ್ ಕ್ವಾರ್ಟರ್ಸ್ ಬಾವಿ ಹೂಳಿನಾಗ ಸಿಕ್ತ್ರಿ, ಅಕ್ಕಾರ. ನಂಬರಿಲ್ಲ, ಮುದ್ರಿ ಇಲ್ಲ. ಇದನ್ನ ಮಾರ್ಕೊಂಡೆ ಅಂತ್ಹೇಳಿ ನನ್ನ ನೌಕರಿ ಕಳದ್ರು."

ಅವಳು ಅಳತೆ ಹಿಡಿದಳು. ಏಳು ಗುಂಡಿನ ಉದ್ದ, ತಳದಲ್ಲಿ ಕೊಂಡಿ ಕೂರುವ ಕಚ್ಚು. ಅಳೆಯುವ ಮೊದಲೇ ಗೊತ್ತಿತ್ತು. ಒಂಬತ್ತರ ವಯಸ್ಸಿನಲ್ಲಿ, ಅದೇ ಕ್ವಾರ್ಟರ್ಸಿನ ಪಕ್ಕದ ಮನೆಯ ಗೂಟಕ್ಕೆ ತೂಗುಹಾಕಿದ್ದ ಫಕೀರಪ್ಪನ ಬೆಲ್ಟಿನಿಂದ ಇದನ್ನು ಆಟಕ್ಕೆಂದು ಕದ್ದಿದ್ದಳು. ಅವನು ಹುಡುಕತೊಡಗಿದಾಗ ಹೆದರಿ ಬಾವಿಗೆಸೆದಿದ್ದಳು.

"ನಿಮ್ಮ ಪಿಸ್ತೂಲಿಂದೇ ಹೌದ್ರಿ," ಎಂದಳು.

"ಅಷ್ಟಕ್ಕ ಇಲಾಖೆಯವರು ಒಪ್ಪಂಗಿಲ್ರಿ. ನನ್ನ ಕೈಯಾಗ ತಣ್ಣಗೈತಿ. ಆದ್ರ ಇಷ್ಟು ವರ್ಷ ನೀರಾಗಿದ್ದ ಲೋಹ ಸತ್ತೈತಿ, ಅದರ ಸಾಕ್ಷಿ ನಡೆಯಂಗಿಲ್ಲ ಅಂತಾರ. ಕ್ವಾರ್ಟರ್ಸಿನವರ ಕೈಗೆಲ್ಲ ಕೊಟ್ಟೆ, ಬಿಸಿ ಆಗ್ಲಿಲ್ಲ. ಸತ್ತೈತೇನ್ರಿ?"

ವರದಿಯಲ್ಲಿ ಸತ್ತಿದೆ ಎಂದು ಬರೆದರೆ ಮುಗಿಯುತ್ತಿತ್ತು. ಅವಳ ಪೆನ್ನು ಅಲ್ಲಿಯವರೆಗೂ ಹೋಯಿತು. ಎದುರಿಗೆ ಮುದುಕ ತನ್ನ ತಣ್ಣನೆಯ ಅಂಗೈಯನ್ನು ಬಿಚ್ಚಿಕೊಂಡೇ ಕೂತಿದ್ದ, ಯಾರೋ ಇನ್ನೂ ಪರೀಕ್ಷಿಸಬೇಕಾಗಿದೆ ಎಂಬಂತೆ.

ಪ್ರಮೀಳಾ ಕೈಗವಸು ಕಳಚಿದಳು. ಮ್ಯಾಗಜೀನನ್ನು ಮುಷ್ಟಿಯಲ್ಲಿ ಹಿಡಿದು, ಸುಡುವವರೆಗೂ ಬಿಡಲಿಲ್ಲ. ಆಮೇಲೆ ಅದನ್ನು ಅವನ ಅಂಗೈಯಲ್ಲಿಟ್ಟಳು.

"ಸತ್ತಿಲ್ಲ ಫಕೀರಪ್ಪಾರ. ನನ್ನ ಕೈಯಾಗ ಕಾದೈತಿ, ನೀವ ಮುಟ್ಟಿ ನೋಡ್ರಿ."