ಆರೋಗ್ಯವಂತರ ರಕ್ತ

“ಟ್ಯೂಬು ಅದಲುಬದಲು ಮಾಡಿದ್ದೀಯ,” ಎಂದು ಗೈಡ್ ಮೇಡಂ ಗದರಿದರು. “ರೋಗಿಯ ರಕ್ತದಲ್ಲಿರಬೇಕಾದ ವೈರಸ್ಸಿನ ಮೈಕ್ರೋಆರ್‌ಎನ್‌ಎ ಚೂರು, ಹೋಲಿಕೆಗೆ ಅಂತ ಇಟ್ಟ ಆರೋಗ್ಯವಂತರ ರಕ್ತದಲ್ಲಿ ಹೇಗೆ ಬರತ್ತೆ?”

“ಇಲ್ಲ ಮೇಡಂ, ಮೊದಲಿಂದ ಇನ್ನೊಂದ್ ಸಲ ಮಾಡಿ ನೋಡ್ದೆ. ಎರಡರಲ್ಲೂ ಇದೆ,” ಎಂದಳು ಸಂಶೋಧನಾ ವಿದ್ಯಾರ್ಥಿನಿ.

ಮೇಡಂ ಕಂಪ್ಯೂಟರ್ ಪರದೆಯ ಮೇಲಿನ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಅವರ ದನಿ ತಗ್ಗಿತು.

“ಪಾಪ, ರಕ್ತ ಕೊಟ್ಟವರಿಗೆ ಗೊತ್ತೇ ಇರಲ್ಲ. ‘ವೈರಸ್ ಬಂದಿದೆ, ಕಾಪಾಡಿ’ ಅಂತ ಕೂಗೋ ಜೀನು ಜೀವಕೋಶದಲ್ಲಿ ಇದ್ದೇ ಇರತ್ತೆ. ಆ ಕೂಗು ಹೊರಗೆ ಬರೋಕೆ ಮುಂಚೆ ವೈರಸ್ಸಿನ ಈ ಚೂರು ಬಂದು ಬಾಯಿ ಮುಚ್ಚಿಸಿಬಿಡತ್ತೆ. ಜ್ವರ ಇಲ್ಲ, ನೋವಿಲ್ಲ. ಒಳಗೊಳಗೇ ಗಡ್ಡೆ ಕಟ್ಟೋವರೆಗೂ ಆರಾಮಾಗಿ ಓಡಾಡ್ಕೊಂಡಿರ್ತಾರೆ. ಇವತ್ತೇ ಡಾಕ್ಟರ್ ಹತ್ರ ಹೋಗೋಕೆ ಹೇಳು ಅವರಿಗೆ.”

ಹುಡುಗಿ ಟ್ಯೂಬಿನ ಮೇಲಿನ ಚೀಟಿಯನ್ನು ಬೆರಳಿನಿಂದ ಮುಚ್ಚಿದಳು.

“ಹೇಳೋಕೆ ಧೈರ್ಯ ಇಲ್ವಾ? ನಂಬರ್ ಕೊಡು, ನಾನೇ ಮಾತಾಡ್ತೀನಿ.”

“ಮೇಡಂ… ಅವತ್ತು ರಕ್ತ ಕೊಡೋಕೆ ಯಾರೂ ಸಿಗದೇ ಇದ್ದಾಗ, ‘ನಂದೇ ತಗೋ’ ಅಂತ ಕೈ ಚಾಚಿದ್ದು ನೀವು.”