ಸಂಜೆಯೊಳಗೆ ಬರೆಯಬೇಕಾದ ಮಾತು

ಕಂಪ್ಯೂಟರಿನ ಸಂದೇಶ ಫಲಕದಲ್ಲಿ ಉತ್ತರ ಮೊದಲು ಬರುತ್ತದೆ. ಅದಕ್ಕೆ ತಕ್ಕ ಮಾತನ್ನು ನಾವು ಸಂಜೆಯೊಳಗೆ ಬರೆದು ಹಾಕಬೇಕು. ನಿನ್ನೆ ಗದಗಿನ ಅಕ್ಕನಿಂದ 'ಎರಡ ಸಾಕು' ಎಂದು ಬಂದಿತ್ತು. ತೆಂಗಿನಕಾಯಿ ಎಷ್ಟು ತರಲಿ ಎಂದು ದಾಕ್ಷಾಯಣಿ ಆಮೇಲೆ ಕೇಳಿದ್ದಳು.

ಇವತ್ತು ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಅಕ್ಕನ ಹಸಿರು ಅಕ್ಷರಗಳು ಮೂಡಿದವು: 'ಅಳಬ್ಯಾಡ ದಾಕ್ಷಿ. ಈಗ ಬಸ್ ಹತ್ತೇನಿ. ನಾ ಹೆಣೆದ ಸ್ವೆಟರ್ ನಿನ್ನ ಯಜಮಾನ್ರ ಮೈಮ್ಯಾಲ ಹಂಗ ಇರ್ಲಿ, ತಗೀಬ್ಯಾಡ್ರಿ.'

ಗಂಡ ಅದೇ ನೀಲಿ ಸ್ವೆಟರ್ ತೊಟ್ಟು ಬೈಕಿನ ಕೀಲಿ ಹುಡುಕುತ್ತಿದ್ದ.

"ಏನಂತ ನಿಮ್ಮಕ್ಕ?"

"ಏನಿಲ್ಲ. ಇವತ್ತ ಹೋಗಬ್ಯಾಡ್ರಿ."

"ಸಂತೀ ದಿನ ಅಂಗಡಿ ಮುಚ್ಚು ಅಂತೀಯೇನ?"

"ಹಂಗಾರ ಸ್ವೆಟರ್ ಆದ್ರೂ ಬಿಚ್ಚಿ ಕೊಡ್ರಿ, ಒಗೀಬೇಕು."

ಅವನು ನಕ್ಕು ಬಿಚ್ಚಿ ಕೊಟ್ಟ. ಅವಳು ಅದನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದಳು. ಎದೆ ಹಗುರಾಯಿತು.

ಬೈಕಿನ ಸದ್ದು ಓಣಿಯ ತಿರುವು ದಾಟಿದ ಮೇಲೆ ಮತ್ತೆ ಫಲಕ ತೆರೆದಳು. ಉತ್ತರ ಬದಲಾಗಿತ್ತು.

'ಅಳಬ್ಯಾಡ ದಾಕ್ಷಿ. ಈಗ ಬಸ್ ಹತ್ತೇನಿ. ಟ್ರಂಕಿನ್ಯಾಗಿನ ಸ್ವೆಟರ್ ತಗದು ಅವರಿಗೆ ಹೊದಿಸು.'